ಮೀನಿಗಿಂತ ಮೊದಲು ನೀರನ್ನು ಸಾಕು

ತೀರ್ಥಹಳ್ಳಿ

ಪ್ರೀತಿಯ ಮಗಳೇ,

ಈ ಭಾನುವಾರ ಮೀನು ತರಬೇಡ. ತೊಟ್ಟಿ ಬಂದಾಯಿತು, ಪಂಪ್ ಕೊಂಡಾಯಿತು, ಜಲ್ಲಿ ನಾಳೆ ಬರುತ್ತದೆ, ಇನ್ನೇನು ಬಾಕಿ ಎಂದು ನೀನು ಕೇಳಿದಾಗ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಮುಖ್ಯವಾದದ್ದೇ ಬಾಕಿ ಇದೆ. ಬೆಂಗಳೂರಿನ ತಾರಸಿಯ ಮೇಲೆ ನೀನೂ ಅಕ್ವಾಪೋನಿಕ್ಸ್, ಎಂದರೆ ಮೀನಿನ ತೊಟ್ಟಿಯ ನೀರನ್ನು ಜಲ್ಲಿಯ ಹಾಸಿಗೆ ಹಾಯಿಸಿ ಅದರಲ್ಲೇ ಸೊಪ್ಪು ಬೆಳೆಯುವುದನ್ನು, ಮಾಡುತ್ತೇನೆ ಎಂದಾಗ ನನಗೆ ಎಷ್ಟು ಸಂತೋಷವಾಯಿತೋ, ಅದು ಒಂದು ಮೀನೂ ಸಾಯದ ಹಾಗೆ ಶುರುವಾಗಬೇಕೆಂಬ ಹಟವೂ ಅಷ್ಟೇ ಹುಟ್ಟಿತು. ಹಾಗಾಗಿ ಕಾಗದ ಉದ್ದವಾಗುತ್ತದೆ. ಬಿಡುವು ಮಾಡಿಕೊಂಡು ಓದು.

ಮೀನಿನ ದೇಹ ಹೊರಹಾಕುವ ಸಾರಜನಕದ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾವೇ ಹುಟ್ಟುವುದು. ಮೀನಿಗೆ ಅದು ವಿಷ. ಜಲ್ಲಿಯ ಮೈಮೇಲೆ ನೆಲೆಸುವ ನೈಟ್ರೊಸೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ನೀರಿನಲ್ಲಿ ಗಾಳಿ ಎಷ್ಟಿದ್ದರೂ ಮೀನು ಉಸಿರುಗಟ್ಟುತ್ತದೆ. ಆಮೇಲೆ ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಎಂಬ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡದ ಬೇರು ಹೀರಿಕೊಳ್ಳುವುದು ಇದನ್ನು. ಇಂಥ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಸೆರ್ಗೇಯ್ ವಿನೋಗ್ರಾಡ್‌ಸ್ಕಿ ಎಂಬ ರಷ್ಯಾದ ವಿಜ್ಞಾನಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ನಮ್ಮ ತೋಟದ ಮಣ್ಣಿನಲ್ಲಿ ದಿನವೂ ನಡೆಯುವ ಕೆಲಸವನ್ನೇ ನೀನು ಒಂದು ತೊಟ್ಟಿಯಲ್ಲಿ ನಡೆಸಬೇಕು. ಹೊಸ ಜಲ್ಲಿಯ ಮೇಲೆ ಈ ಎರಡೂ ಗುಂಪುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟು ದಿನ ನೀನು ಸಾಕುತ್ತಿರುವುದು ಮೀನನ್ನೂ ಅಲ್ಲ, ಗಿಡವನ್ನೂ ಅಲ್ಲ, ನೀರನ್ನು.

ನಾನು ಮೀನಿನ ಆಹಾರವನ್ನು ತೆಳುಬಟ್ಟೆಯಲ್ಲಿ ಕಟ್ಟಿ ಖಾಲಿ ತೊಟ್ಟಿಯೊಳಗೆ ಇಳಿಬಿಟ್ಟಿದ್ದೆ. ಅದು ಕೊಳೆತು ಅಮೋನಿಯಾ ಬಿಡುತ್ತಿತ್ತು. ಮೀನಿಲ್ಲದ ತೊಟ್ಟಿಗೆ ಹಗಲಿರುಳು ಪಂಪ್ ಓಡಿಸುವುದು ಅಪ್ಪಯ್ಯನಿಗೆ ಸರಿಕಾಣಲಿಲ್ಲ. ನಾನು ದಿನವೂ ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಹಾಕಿ, ಬಣ್ಣವನ್ನು ಕಾರ್ಡಿನೊಂದಿಗೆ ಹೋಲಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮೊದಲು ಅಮೋನಿಯಾದ ನಳಿಗೆ ಹಳದಿಯಿಂದ ಹಸಿರಾಯಿತು. ಅದು ಇಳಿಯತೊಡಗಿದಾಗ ನೈಟ್ರೈಟಿನ ನಳಿಗೆ ನೀಲಿಯಿಂದ ನೇರಳೆಯಾಯಿತು. ಆ ನೇರಳೆ ಬಹಳ ದಿನ ಕದಲಲಿಲ್ಲ. ನಂತರ ಒಂದು ದಿನ ಇದ್ದಕ್ಕಿದ್ದಂತೆ ಮತ್ತೆ ನೀಲಿಯಾಯಿತು. ಅಂದು ನನಗಾದ ಆನಂದವನ್ನು ಮೊದಲ ಸೊಪ್ಪು ಕೊಯ್ದ ದಿನವೂ ಕೊಟ್ಟಿಲ್ಲ. ಹೊಸದಾಗಿ ಆಹಾರ ಹಾಕಿದ ಮರುದಿನವೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿದ್ದು, ನೈಟ್ರೇಟ್ ಮಾತ್ರ ಏರುತ್ತಿದ್ದರೆ ನಿನ್ನ ನೀರು ಸಿದ್ಧವಾಗಿದೆ ಎಂದು ತಿಳಿ. ಅಲ್ಲಿಯವರೆಗೆ ಅಂಗಡಿಯವನು ಏನು ಹೇಳಿದರೂ ಕೇಳಬೇಡ.

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರು ಉಳಿಸುವ ಈ ವಿದ್ಯೆ ಯಾಕೆ ಎಂದು ನೀನೂ ಒಮ್ಮೆ ಕೇಳಿದ್ದೆ. ನೀರು ಉಳಿಸಲೆಂದು ನಾನು ಇದಕ್ಕೆ ಕೈಹಾಕಲಿಲ್ಲ. ಪುನರ್ವಸು ಮಳೆ ಹಿಡಿದರೆ ನಮ್ಮ ಹಿತ್ತಲಿನಲ್ಲಿ ಹರಿವೆ ಬುಡದಲ್ಲೇ ಕೊಳೆಯುತ್ತದೆ, ಕೊತ್ತಂಬರಿ ಮೊಳಕೆಯಲ್ಲೇ ಮಲಗುತ್ತದೆ. ಬೇಸಿಗೆಯಲ್ಲಿ ಬೆಳೆದದ್ದನ್ನು ಮಂಗಗಳು ಬಿಡುವುದಿಲ್ಲ. ಬಚ್ಚಲಿನ ಪಕ್ಕ ಪಾರದರ್ಶಕ ಶೀಟು ಹೊದಿಸಿ, ಸುತ್ತ ಬಲೆ ಕಟ್ಟಿ, ಒಳಗೆ ಜಲ್ಲಿಯಲ್ಲಿ ಸೊಪ್ಪು ಬೆಳೆದರೆ ಆಷಾಢದಲ್ಲೂ ತಂಬುಳಿಗೆ ಎಲೆ ಸಿಗುತ್ತದಲ್ಲ ಎಂಬುದು ನನ್ನ ಲೆಕ್ಕ. ಆ ಲೆಕ್ಕ ಸರಿಯಾಯಿತು. ಬಿಸಿಲಿಲ್ಲದ ವಾರಗಳಲ್ಲಿ ಗಿಡ ನಿಧಾನ, ನಿಜ, ಆದರೆ ಕೊಳೆಯುವುದಿಲ್ಲ. ಒಂದೆಲಗಕ್ಕಂತೂ ಈ ಜಲ್ಲಿ ಬಹಳ ಒಗ್ಗಿದೆ. ಬಸಳೆ, ಪುದೀನ, ಹರಿವೆ ಚೆನ್ನಾಗಿ ಬರುತ್ತವೆ. ಕೆಸುವಿನ ಬೇರು ಜಲ್ಲಿಯನ್ನೆಲ್ಲ ತುಂಬಿಕೊಂಡು ನೀರಿನ ದಾರಿ ಕಟ್ಟುತ್ತದೆಂದು ಅದನ್ನು ಮತ್ತೆ ಹಿತ್ತಲಿಗೇ ಕಳುಹಿಸಿದೆ. ಪತ್ರೊಡೆಗೆ ಅಲ್ಲಿನದೇ ಸಾಕು.

ನಮ್ಮದರ ಅಳತೆ ಹೇಳುತ್ತೇನೆ. 500 ಲೀಟರಿನ ತೊಟ್ಟಿ, 200 ಲೀಟರಿನ ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಎರಡು ಹಾಸು, ಮುಕ್ಕಾಲು ಇಂಚಿನ ಜಲ್ಲಿ. ತೊಟ್ಟಿಯ ಪೂರ್ತಿ ನೀರು ಗಂಟೆಗೊಮ್ಮೆ ಹಾಸಿನ ಮೂಲಕ ಸುತ್ತಿ ಬರಬೇಕು. ಹಾಸು ತುಂಬಿದ ಕೂಡಲೇ ಬೆಲ್ ಸೈಫನ್ ಅದನ್ನು ಒಮ್ಮೆಗೇ ಬರಿದು ಮಾಡುತ್ತದೆ. ಆಗ ಜಲ್ಲಿಯ ಸಂದುಗಳಿಗೆ ಗಾಳಿ ನುಗ್ಗಿ ಬೇರಿಗೂ ಬ್ಯಾಕ್ಟೀರಿಯಾಗಳಿಗೂ ಉಸಿರು ಸಿಗುತ್ತದೆ. ಎಷ್ಟು ಮೀನು ಎಂಬ ಪ್ರಶ್ನೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯಲ್ಲಿ ನನಗೆ ಮೆಚ್ಚಿಕೆಯಾದ ಉತ್ತರವಿದೆ: ಮೀನನ್ನು ಎಣಿಸಬೇಡ, ಆಹಾರವನ್ನು ತೂಗು. ಸೊಪ್ಪು ಬೆಳೆಯುವ ಒಂದು ಚದರ ಮೀಟರ್ ಹಾಸಿಗೆ ದಿನಕ್ಕೆ 40ರಿಂದ 50 ಗ್ರಾಂ ಆಹಾರ. ನಮ್ಮ ಎರಡು ಹಾಸು ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುತ್ತದೆ. ಅಷ್ಟು ಆಹಾರ ತಿನ್ನುವಷ್ಟೇ ಮೀನು ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಇನ್ನು ಹೇಳಬೇಕಾದದ್ದು ನಮ್ಮ ನೀರಿನ ಗುಣ. ನಿನ್ನ ನೀರು ಬೇರೆಯದಾದರೂ ಇದನ್ನು ಗಮನವಿಟ್ಟು ಓದು. ನಮ್ಮ ಬಾವಿಯದು ಜಂಬಿಟ್ಟಿಗೆಯ ನೆಲದಲ್ಲಿ ಇಂಗಿ ಬಂದ ಮೆದು ನೀರು, ತುಸು ಆಮ್ಲದ ಕಡೆಗೇ ವಾಲಿದ್ದು. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಆ ಆಮ್ಲವನ್ನು ನುಂಗಿಕೊಳ್ಳುತ್ತದೆ. ನಮ್ಮದರಲ್ಲಿ ಆ ಆಸರೆ ಇಲ್ಲ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಅದು ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಕೆಲಸ ಬಹುಮಟ್ಟಿಗೆ ನಿಂತು ಅಮೋನಿಯಾ ಮತ್ತೆ ಏರುತ್ತದೆ. ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಹೊಂದಿಕೊಂಡಿರುವುದು 7ರ ಆಸುಪಾಸಿನಲ್ಲಿ. ನಾನು ಕಪ್ಪೆಚಿಪ್ಪುಗಳನ್ನು ಕುಟ್ಟಿ ಬಲೆಯ ಚೀಲದಲ್ಲಿ ಕಟ್ಟಿ ತೊಟ್ಟಿಯೊಳಗೆ ತೂಗುಹಾಕಿದ್ದೇನೆ. ನೀರು ಆಮ್ಲವಾದಷ್ಟೂ ಚಿಪ್ಪು ಕರಗುತ್ತದೆ, ಸರಿಯಾದಾಗ ತಾನೇ ನಿಧಾನವಾಗುತ್ತದೆ. ಬಚ್ಚಲ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನೂ ಚಿಟಿಕೆಯಷ್ಟು ಹಾಕುವುದುಂಟು. ಆದರೆ ಬೂದಿ ಪಿಎಚ್ಚನ್ನು ಒಮ್ಮೆಲೇ ಏರಿಸಬಲ್ಲದು, ಮೀನು ಅದನ್ನು ತಡೆಯುವುದಿಲ್ಲ. ಆ ಕೆಲಸ ನಿನಗೆ ಈಗಲೇ ಬೇಡ.

ನಿನ್ನ ಮನೆಗೆ ಬರುವುದು ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಕೊಳವೆಬಾವಿಯ ನೀರು ಎಂದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಿನ್ನ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಅಷ್ಟೇ ಸಾಕು. ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನವಿಡೀ ತೆರೆದಿಟ್ಟು, ಸಾಧ್ಯವಾದರೆ ಏರ್ ಪಂಪ್ ಬಿಟ್ಟು, ಆಮೇಲೆ ತೊಟ್ಟಿಗೆ ಸುರಿ. ಕೊಳವೆಬಾವಿಯ ನೀರು ಗಡಸಾಗಿದ್ದರೆ ನಿನ್ನ ತೊಂದರೆ ನನ್ನದಕ್ಕೆ ತದ್ವಿರುದ್ಧ: ಪಿಎಚ್ 8ರ ಹತ್ತಿರ ಕುಳಿತುಬಿಡುತ್ತದೆ, ನೀರಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಚಿಲೇಟೆಡ್ ಕಬ್ಬಿಣ ಎಂದು ಗೊಬ್ಬರದ ಅಂಗಡಿಯಲ್ಲಿ ಕೇಳು, ಅದರಲ್ಲೂ ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ತಾ. ಇಡಿಟಿಎ ಅಂಥ ನೀರಿನಲ್ಲಿ ನಿಲ್ಲುವುದಿಲ್ಲ. ನನ್ನ ಚಿಪ್ಪಿನ ಚೀಲವನ್ನು ನೋಡಿ ನೀನೂ ಕಟ್ಟಿದರೆ ಗಡಸು ನೀರನ್ನು ಇನ್ನಷ್ಟು ಗಡಸು ಮಾಡಿದಂತೆ. ಮೊದಲು ಅಳೆ, ಆಮೇಲೆ ಕೈಹಾಕು.

ನಾಳೆ ಜಲ್ಲಿ ಬಂದಾಗ ಮೇಲಕ್ಕೆ ಹೊರಿಸುವ ಮುಂಚೆ ಒಂದು ಹಿಡಿ ತೆಗೆದು ವಿನೆಗರ್ ಸುರಿದು ನೋಡು. ನೊರೆ ಬಂದರೆ ಅದರಲ್ಲಿ ಸುಣ್ಣದ ಕಲ್ಲಿದೆ, ವಾಪಸು ಕಳುಹಿಸು. ತಾರಸಿಯ ತೂಕವನ್ನೂ ಯೋಚಿಸು. ನೂರು ಲೀಟರ್ ನೀರೆಂದರೆ ನೂರು ಕಿಲೋ. ನೂರು ಲೀಟರ್ ಜಲ್ಲಿ ಒಂದೂವರೆ ಕ್ವಿಂಟಲ್. ಮನೆಯ ಮಾಲೀಕರನ್ನು ಕೇಳಿ, ಕೆಳಗೆ ಗೋಡೆಯಿರುವ ಕಡೆ ಇಡು. ತಾರಸಿಯ ನಡುವೆ ಬೇಡವೇ ಬೇಡ. ತೊಟ್ಟಿಗೆ ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ, ಹಲಗೆಯೋ ಗೋಣಿಯೋ ಮುಚ್ಚು. ಬಿಸಿಲು ಬೇಕಾದದ್ದು ಗಿಡಕ್ಕೆ.

ಔಷಧಿ ಸಿಂಪಡಿಸುವ ಯೋಚನೆಯನ್ನೇ ಬಿಡು. ಮುಂಗಾರಿಗೆ ಮುಂಚೆ ಅಡಿಕೆಯ ಕೊಳೆ ರೋಗಕ್ಕೆಂದು ನಾವು ಹೊಡೆಸುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ತಾಮ್ರ ಮೀನಿಗೆ ಬಹಳ ಕೆಡುಕು. ಹಾಗಾಗಿ ಸಿಂಪರಣೆಯ ದಿನಗಳಲ್ಲಿ ಇಡೀ ತೊಟ್ಟಿಗೆ ಟಾರ್ಪಾಲು ಹೊದಿಸುತ್ತೇನೆ, ತೋಟದ ಕಡೆಯಿಂದ ಒಂದು ಹನಿಯೂ ಒಳಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಬೇವಿನೆಣ್ಣೆಯೂ ಮೀನಿಗೆ ಒಳ್ಳೆಯದಲ್ಲ. ಗಿಡದಲ್ಲಿ ಸಸ್ಯಹೇನು ಕಂಡರೆ ನೀರು ಚಿಮ್ಮಿಸಿ ಉದುರಿಸು, ಹುಳುವನ್ನು ಕೈಯಲ್ಲೇ ಹೆಕ್ಕು. ಪಕ್ಕದ ತಾರಸಿಯಲ್ಲಿ ಯಾರಾದರೂ ಸೊಳ್ಳೆಗೆ ಹೊಗೆ ಬಿಡಿಸುವುದಿದ್ದರೆ ಮುಂಚೆಯೇ ಕೇಳಿ ತಿಳಿದುಕೊಂಡು ತೊಟ್ಟಿ ಮುಚ್ಚು.

ಕರೆಂಟು ಹೋದರೆ ಏನು ಎಂಬುದಕ್ಕೆ ಮಲೆನಾಡಿನವರಾದ ನಾವು ಮೊದಲೇ ಸಿದ್ಧರಾಗಿರಬೇಕಾಯಿತು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳಲಾರರು. ಪಂಪ್ ನಿಂತರೆ ನೀರಿನ ಆಮ್ಲಜನಕ ಮೀನಿಗೂ ಬ್ಯಾಕ್ಟೀರಿಯಾಗಳಿಗೂ ಹಂಚಿ ಬೇಗ ಮುಗಿಯುತ್ತದೆ. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದನ್ನು ಕೊಂಡಿಡು, ಅದರ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸು. ಕರೆಂಟು ಇಲ್ಲದ ಹೊತ್ತಿನಲ್ಲಿ ಆಹಾರ ಹಾಕಬೇಡ. ತಿಂದದ್ದನ್ನು ಅರಗಿಸಲೂ ಮೀನಿಗೆ ಆಮ್ಲಜನಕ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲೂ ಆಹಾರವನ್ನು ಕಡಿಮೆ ಮಾಡು. ಮೀನು ತಿನ್ನುವುದು ಕಡಿಮೆ, ಬ್ಯಾಕ್ಟೀರಿಯಾ ದುಡಿಯುವುದೂ ಕಡಿಮೆ.

ಮೀನಿನ ವಿಷಯಕ್ಕೆ ಬರುತ್ತೇನೆ. ನಾವು ಭದ್ರಾ ಅಣೆಕಟ್ಟೆಯ ಬಳಿ ಬಿ.ಆರ್. ಪ್ರಾಜೆಕ್ಟ್‌ನಲ್ಲಿರುವ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರದಿಂದ ಸಾಮಾನ್ಯ ಗೆಂಡೆಯ ಮರಿ ತಂದೆವು. ನಿನ್ನ ನೂರು ಲೀಟರಿಗೆ ಗೆಂಡೆ ದೊಡ್ಡದಾಯಿತು. ಕೆಲವೇ ಗೋಲ್ಡ್ ಫಿಶ್ ಸಾಕು, ಅವೂ ಗೆಂಡೆಯ ಕುಲದವೇ, ಗಟ್ಟಿ ಜೀವ. ತಿಲಾಪಿಯಾ ಎಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡ, ಅದನ್ನು ಸಾಕಲು ಸರ್ಕಾರದ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ನಿಷೇಧಿತ. ನಿನ್ನ ತೊಟ್ಟಿಯ ಯಾವ ಮೀನನ್ನೂ, ಎಷ್ಟೇ ಕನಿಕರ ಹುಟ್ಟಿದರೂ, ಕೆರೆಗೆ ಬಿಡಬೇಡ. ನಮ್ಮ ತೊಟ್ಟಿಯ ಹೊರಹರಿವಿನ ಕೊಳವೆಗೆ ನಾನು ಬಲೆ ಬಿಗಿದಿರುವುದೂ ಇದಕ್ಕೇ. ಅಲ್ಲಿಂದ ನೀರು ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಛಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದ ನದಿ ಅದು. ಪರದೇಶದ ಗೆಂಡೆಗೆ ಅಲ್ಲಿ ಜಾಗವಿಲ್ಲ.

ಖರ್ಚಿನ ಮಾತು ಆಡದೆ ಹೋದರೆ ತಪ್ಪಾಗುತ್ತದೆ. ಇದರಿಂದ ಸೊಪ್ಪಿನ ಹಣ ಉಳಿಯುತ್ತದೆ ಎಂದು ಲೆಕ್ಕ ಹಾಕಬೇಡ. ಪಂಪು, ಪರೀಕ್ಷೆಯ ಹನಿ, ಮೀನಿನ ಆಹಾರ ಎಲ್ಲ ಸೇರಿಸಿದರೆ ಸಂತೆಯ ಸೊಪ್ಪೇ ಅಗ್ಗ. ಆದರೆ ತೊಟ್ಟಿಯ ಪಕ್ಕ ನಿಂತು, ಮೀನು ಬಿಟ್ಟದ್ದು ಎಲೆಯಾಗಿ ಬರುವುದನ್ನು ನೋಡುತ್ತಾ ನೀನು ಕಳೆಯುವ ಹೊತ್ತು ನಿನಗೆ ಬೇಕೇ ಬೇಕು ಎಂದು ನನಗನ್ನಿಸುತ್ತದೆ. ಆ ಕಚೇರಿಯಿಂದ ನೀನು ಎಷ್ಟು ದಣಿದು ಬರುತ್ತೀಯೆಂದು ನಿನ್ನ ದನಿಯಲ್ಲೇ ಗೊತ್ತಾಗುತ್ತದೆ.

ಅಪ್ಪಯ್ಯ ಮುಂದಿನ ವಾರ ರಾತ್ರಿ ಬಸ್ಸಿಗೆ ಬರುತ್ತಾರೆ. ನಮ್ಮ ಹಾಸಿನಿಂದ ಒಂದಿಷ್ಟು ಹಳೆಯ ಜಲ್ಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಳುಹಿಸುತ್ತೇನೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅದರ ಮೇಲಿರುವ ಬ್ಯಾಕ್ಟೀರಿಯಾ ನಿನ್ನ ಹೊಸ ಜಲ್ಲಿಗೆ ಹಬ್ಬಿ ಕಾಯುವ ಕಾಲ ಕಡಿಮೆಯಾಗುತ್ತದೆ. ಬಸ್ ಇಳಿದು ಬಂದ ಕೂಡಲೇ ಬಿಚ್ಚು, ಒಣಗಲು ಬಿಡಬೇಡ, ಕೊಳೆಯಾಗಿ ಕಂಡಿತೆಂದು ನಲ್ಲಿ ನೀರಿನಲ್ಲಿ ತೊಳೆಯಲೂ ಬೇಡ. ನೇರವಾಗಿ ಹಾಸಿನ ನಡುವೆ, ನೀರು ಬೀಳುವ ಜಾಗದಲ್ಲಿ ಹರಡು. ಜೊತೆಗೆ ಒಂದೆಲಗದ ಬಳ್ಳಿಯೂ ಇರುತ್ತದೆ. ಬೇರಿನ ಮಣ್ಣು ತೊಳೆದೇ ಇಟ್ಟಿರುತ್ತೇನೆ, ಹಾಗೆಯೇ ನೆಡಬಹುದು. ಅಂದಿನಿಂದ ದಿನವೂ ನೀರು ಪರೀಕ್ಷಿಸಿ ಅಂಕಿಗಳನ್ನು ನನಗೆ ಕಳುಹಿಸು, ಇಲ್ಲಿ ಕ್ಯಾಲೆಂಡರಿನಲ್ಲಿ ನಮ್ಮದರ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ.

ನಿನ್ನ ಪ್ರೀತಿಯ
ಅಮ್ಮ