ಉಸಿರು ಸಿಕ್ತು ಅಂದ್ರೆ ಆಸ್ತಮಾ ಹತೋಟಿಗೆ ಬಂತು ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಆಸ್ತಮಾ ಅಂದ ಕೂಡ್ಲೇ ಜನ "ಇನ್ಹೇಲರ್ ಎಳ್ಕೊಂಡ್ರೆ ಸರಿಹೋಗುತ್ತೆ ಬಿಡಿ" ಅಂತಾರೆ. ನಮ್ಮಕ್ಕನ ಪಕ್ಕ ಒಂದ್ ರಾತ್ರಿ ಕೂತು ನೋಡಿದ್ರೆ ಹಾಗನ್ನಲ್ಲ. ಮೂರು ಗಂಟೆಗೆ ಎದ್ದು ಮಂಚದ ಅಂಚಲ್ಲಿ ಎರಡೂ ಕೈ ಮೊಣಕಾಲಿಗೆ ಊರ್ಕೊಂಡು ಕೂತಿರ್ತಾಳೆ, ಪ್ರತಿ ಉಸಿರಿಗೂ ಭುಜ ಮೇಲೇಳುತ್ತೆ, ಕತ್ತಿನ ಬುಡದಲ್ಲಿ ಗುಳಿ ಬೀಳುತ್ತೆ, "ನೀರು ಕೊಡು" ಅನ್ನೋಕೆ ಮಧ್ಯ ನಿಲ್ಲಿಸ್ಬೇಕು. ಬೆಳಗ್ಗೆ ಕೆಲಸಕ್ಕೆ ಹೊರಟಾಗ ನೋಡಿದೋರು, ಚೆನ್ನಾಗೇ ಇದಾಳಲ್ಲ ಅಂತಾರೆ.

2019ರಲ್ಲಿ ಪ್ರಪಂಚದಲ್ಲಿ ಸುಮಾರು 26 ಕೋಟಿ ಜನಕ್ಕೆ ಆಸ್ತಮಾ ಇತ್ತು, ಆ ವರ್ಷ ಅದ್ರಿಂದ ಸತ್ತೋರು ನಾಲ್ಕೂವರೆ ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು. ತೀವ್ರ ಆಸ್ತಮಾ ಇರೋರು ಇವ್ರಲ್ಲಿ ನೂರಕ್ಕೆ ಹತ್ತರ ಒಳಗೇ, ಆದ್ರೆ ಕಷ್ಟದ ದೊಡ್ಡ ಪಾಲು ಇವರದ್ದೇ.

ನನ್ನ ಸಂಕಟ ಸ್ಟಿರಾಯ್ಡ್ ಮಾತ್ರೆದು. ಅಟ್ಯಾಕ್ ಆದಾಗ ಅದು ಜೀವ ಉಳಿಸುತ್ತೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಒಂದೊಂದ್ಸಲ ಒಬ್ಬೊಬ್ಬ ಡಾಕ್ಟರ್ ಐದೈದು ದಿನಕ್ಕೆ ಬರ್ಕೊಡ್ತಾರೆ, ವರ್ಷಕ್ಕೆ ಒಟ್ಟು ಎಷ್ಟಾಯ್ತು ಅಂತ ಯಾರೂ ಲೆಕ್ಕ ಇಡಲ್ಲ. ಈ ಕೋರ್ಸುಗಳು ಮೈಯಲ್ಲಿ ಕೂಡ್ಕೊಂಡು ಹೋದಂಗೆ ಶುಗರ್, ಬಿಪಿ, ಮೂಳೆ ಸವೆತ, ಕಣ್ಣಿನ ಪೊರೆ ಎಲ್ಲದರ ಅಪಾಯ ಜಾಸ್ತಿಯಾಗುತ್ತೆ. ದಿನಾ ಎಳ್ಕೊಳೋ ಸ್ಟಿರಾಯ್ಡ್ ಇನ್ಹೇಲರ್ ನೇರ ಶ್ವಾಸಕೋಶಕ್ಕೆ ಹೋಗುತ್ತೆ, ಡೋಸೂ ತುಂಬಾ ಕಮ್ಮಿ, ಜನ ಹೆದರಿ ಬಿಡೋದು ಮಾತ್ರ ಅದನ್ನೇ! ತಕ್ಷಣ ಉಸಿರು ಬಿಡಿಸೋ ನೀಲಿ ಇನ್ಹೇಲರ್ ಒಂದನ್ನೇ ನಂಬ್ಕೊಂಡಿರ್ಬೇಡಿ ಅಂತ ಗೀನಾ (ಆಸ್ತಮಾ ಚಿಕಿತ್ಸೆಗೆ ದಾರಿ ತೋರಿಸೋ ಅಂತಾರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿ 2019ರಿಂದ್ಲೇ ಹೇಳ್ತಿದೆ, ವರ್ಷಕ್ಕೆ ಅಂಥವು ಮೂರು ಖಾಲಿಯಾದ್ರೇ ಎಚ್ಚರಿಕೆ ಗಂಟೆ.

ಅದಕ್ಕೇ ಡಾಕ್ಟರ್‌ಗಳನ್ನ ಕೇಳ್ಕೋತೀನಿ, "ಈಗ ಉಸಿರು ಪರ್ವಾಗಿಲ್ವಾ" ಅಂತ ಕೇಳಿ ಕಳಿಸ್ಬೇಡಿ. ರಾತ್ರಿ ಎಷ್ಟು ಸಲ ಎದ್ರಿ, ಈ ವರ್ಷ ಎಷ್ಟು ಕೋರ್ಸ್ ಆಯ್ತು ಅಂತ ಕೇಳಿ, ಇನ್ಹೇಲರ್ ಎಳ್ಕೊಳೋದನ್ನ ಎದುರಿಗೇ ಮಾಡಿಸಿ ನೋಡಿ. ಕೋರ್ಸ್ ಎರಡು ದಾಟಿದ್ರೆ ತಜ್ಞರ ಹತ್ರ ಕಳಿಸಿ. ಈಗ ರಕ್ತಪರೀಕ್ಷೆಯೆಲ್ಲ ನೋಡಿ ಕೊಡೋ, ಶ್ವಾಸನಾಳ ಊದಿಸೋ ಅಂಶಗಳನ್ನೇ ತಡೆಯೋ ಬಯಾಲಜಿಕ್ ಅನ್ನೋ ಇಂಜೆಕ್ಷನ್‌ಗಳಿವೆ, ದುಬಾರಿ ನಿಜ, ಎಲ್ರಿಗೂ ಒಗ್ಗಲ್ಲ, ಆದ್ರೆ ಒಗ್ಗಿದೋರಿಗೆ ಅಟ್ಯಾಕೂ ಕಮ್ಮಿ, ಮಾತ್ರೆಯೂ ಕಮ್ಮಿ.

ಅಕ್ಕ ಈಗ ಮಾತ್ರೆ ಡಬ್ಬಿ ಮುಚ್ಚಳದ ಒಳಗೆ ಪ್ರತಿ ಕೋರ್ಸಿನ ತಾರೀಖು ಬರೀತಾಳೆ. ಮೊನ್ನೆ ಹೊಸ ಡಾಕ್ಟರ್‌ಗೆ ಆ ಮುಚ್ಚಳಾನೇ ತೋರಿಸಿದ್ವಿ, ಹನ್ನೊಂದು ತಿಂಗಳಲ್ಲಿ ಆರು. ಅವರು ಪೆನ್ ಕೆಳಗಿಟ್ಟು, "ಇದನ್ನ ಮೊದ್ಲೇ ಯಾರೂ ಕೇಳ್ಲಿಲ್ವಾ?" ಅಂದ್ರು.

ಇಂತಿ,
ನಿಮ್ಮ ಓದುಗ