ಶೀರ್ಷಿಕೆಗಳಲ್ಲಿ ಗುಡುಗು ಕಡಿಮೆಯಾಗಲಿ

ಮಾನ್ಯ ಸಂಪಾದಕರಿಗೆ,

ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಮೊನ್ನೆ ಒಮ್ಮೆ ತಿರುವಿದಾಗ, ಒಂದೇ ಪುಟದಲ್ಲಿ ಮೂವರು ನಾಯಕರು ‘ಗುಡುಗಿದ್ದು’ ಕಣ್ಣಿಗೆ ಬಿತ್ತು. ಒಬ್ಬರು ಸದನದಲ್ಲಿ, ಒಬ್ಬರು ಸುದ್ದಿಗೋಷ್ಠಿಯಲ್ಲಿ, ಮತ್ತೊಬ್ಬರು ಮದುವೆಗೆಂದು ಬಂದವರು ಚಪ್ಪರದ ಹೊರಗೆ. ಅದೇ ಸಂಚಿಕೆಯ ಮಳೆಯ ಸುದ್ದಿ ಮಾತ್ರ ‘ಗುಡುಗು ಸಹಿತ ಮಳೆ’ ಎಂದೂ ‘ಸಿಡಿಲು ಬಡಿದು ಎಮ್ಮೆ ಸಾವು’ ಎಂದೂ ಬರೆದು, ಸದ್ದಿಗೂ ಹೊಡೆತಕ್ಕೂ ಇರುವ ಅಂತರವನ್ನು ಕಾಪಾಡಿತ್ತು. ಈ ವಿವೇಕ ರಾಜಕೀಯ ಪುಟಕ್ಕೂ ಬರಲಿ ಎಂಬುದು ನನ್ನ ವಿನಂತಿ.

ಪತ್ರಿಕೆಗೂ ಗುಡುಗಿಗೂ ನಂಟು ಹೊಸದೇನಲ್ಲ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ‘ಥಂಡರರ್’, ಅಂದರೆ ಗುಡುಗುವವನು, ಎಂಬ ಅಡ್ಡಹೆಸರು 19ನೇ ಶತಮಾನದಲ್ಲೇ ಅಂಟಿಕೊಂಡಿತು. ಸುಧಾರಣೆಯ ಕುರಿತ ತಮ್ಮ ಲೇಖನವೊಂದನ್ನು ‘ನಾವು ಮೊನ್ನೆ ಗುಡುಗಿದೆವು’ ಎಂಬರ್ಥದಲ್ಲಿ ಅದರ ಲೇಖಕ ಎಡ್ವರ್ಡ್ ಸ್ಟರ್ಲಿಂಗ್ ಬಣ್ಣಿಸಿಕೊಂಡದ್ದೇ ಅದಕ್ಕೆ ಮೂಲ. ತಾನು ಗುಡುಗಿದೆನೆಂದು ತಾನೇ ಹೇಳಿಕೊಳ್ಳುವುದು ಜಂಬವೇ ಸರಿ. ಆ ಹೆಸರಿಗೆ ನಿಜವಾದ ತೂಕ ಬಂದದ್ದು, ಕ್ರಿಮಿಯಾ ಯುದ್ಧಭೂಮಿಯಿಂದ 1854ರಲ್ಲಿ ಅದರ ವರದಿಗಾರ ವಿಲಿಯಂ ಹವರ್ಡ್ ರಸೆಲ್ ಕಾಲರಾ, ಚಳಿ ಮತ್ತು ಹದಗೆಟ್ಟ ಸರಬರಾಜಿನ ಬಗ್ಗೆ ಕಂಡದ್ದನ್ನು ಕಂಡಂತೆ ಬರೆದು ಕಳಿಸಿದಾಗ. ಮರುವರ್ಷ ಬ್ರಿಟನ್ನಿನ ಸರ್ಕಾರ ಬೀಳಲು ಆ ವರದಿಗಳು ಎಬ್ಬಿಸಿದ ಜನಾಕ್ರೋಶವೂ ಒಂದು ಕಾರಣವಾಯಿತು.

ಬರಿಯ ಸದ್ದನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಹೆಸರಿನ ಬ್ರಿಟಿಷ್ ಯುದ್ಧನೌಕೆಯೊಂದು ಸಾಕ್ಷಿಯಾಗಿದೆ. 1879ರ ಜನವರಿ 2ರಂದು ಮಾರ್ಮರಾ ಸಮುದ್ರದಲ್ಲಿ ತಾಲೀಮು ನಡೆಸುತ್ತಿದ್ದ ‘ಥಂಡರರ್’ ತನ್ನ 38 ಟನ್ ತೂಕದ ಜೋಡಿ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿತು. ಒಂದು ಹಾರಿತು, ಇನ್ನೊಂದು ಹಾರಲಿಲ್ಲ. ಹಾರಿದ್ದರ ಅಬ್ಬರದಲ್ಲಿ ಪಕ್ಕದ್ದು ಸುಮ್ಮನಿದ್ದುದು ಒಳಗಿದ್ದವರ ಗಮನಕ್ಕೇ ಬರಲಿಲ್ಲ. ಬಾಯಿಯಿಂದ ಮದ್ದು ತುಂಬುವ ಆ ಫಿರಂಗಿಗಳ ಮೂತಿಯನ್ನು ಕೆಳಕ್ಕೆ ಬಾಗಿಸಿ ಯಂತ್ರದಿಂದ ಮದ್ದುಗುಂಡು ತುರುಕುತ್ತಿದ್ದುದರಿಂದ, ಒಳಗೆ ಮೊದಲಿನದು ಹಾಗೆಯೇ ಉಳಿದಿದೆ ಎಂದು ಕೈಗೂ ತಿಳಿಯುವಂತಿರಲಿಲ್ಲ. ಅದರ ಮೇಲೆಯೇ ಇನ್ನೊಮ್ಮೆ ತುಂಬಿ ಹಾರಿಸಿದಾಗ ಫಿರಂಗಿಯೇ ಒಡೆದು 11 ಮಂದಿ ಸತ್ತರು. ಆಮೇಲೆ ಅದರ ಜೋಡಿಯನ್ನು ಇಂಗ್ಲೆಂಡಿಗೆ ತಂದು, ಬೇಕೆಂದೇ ಎರಡು ಸಲ ತುಂಬಿ ಹಾರಿಸಿದರು. ಅದೂ ಹಾಗೆಯೇ ಒಡೆಯಿತು.

ನಮ್ಮ ನೌಕಾಪಡೆಯ ಹೆಸರುಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ನಿರ್ಘಾತ’, ಎಂದರೆ ಸಿಡಿಲಿನ ಬಡಿತ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ಈ ಪುಟ್ಟ ಕ್ಷಿಪಣಿ ದೋಣಿ ಪಾಕಿಸ್ತಾನದ ‘ಖೈಬರ್’ ಹಡಗಿನ ಮೇಲೆ ಕ್ಷಿಪಣಿ ಬಿಟ್ಟಾಗ, ಆ ಹಡಗಿನವರು ಬಂದದ್ದನ್ನು ವಿಮಾನವೆಂದೇ ತಿಳಿದು ವಿಮಾನ ನಿರೋಧಕ ತೋಪುಗಳನ್ನು ಹಾರಿಸಿದರು. ಎರಡನೆಯ ಕ್ಷಿಪಣಿ ಬಡಿದು ಹಡಗು ಮುಳುಗಿತು. ದೋಣಿಯ ನಾಯಕರ ಹೆಸರು ಇಂದ್ರಜಿತ್ ಶರ್ಮಾ ಎಂಬುದು ಪುರಾಣ ಬಲ್ಲವರಿಗೆ ಖುಷಿ ಕೊಡುವ ಕಾಕತಾಳೀಯ. ಹುಟ್ಟುತ್ತಲೇ ಮೋಡದಂತೆ ಮೊರೆದನೆಂದು ರಾವಣ ತನ್ನ ಮಗನಿಗಿಟ್ಟ ಹೆಸರು ಮೇಘನಾದ. ವಜ್ರಾಯುಧದ ಒಡೆಯನನ್ನೇ ಗೆದ್ದ ಮೇಲಷ್ಟೇ ಅವನಿಗೆ ಇಂದ್ರಜಿತು ಎಂಬ ಹೆಸರು ಬಂತು. ಮೊದಲನೆಯದು ಸದ್ದಿಗೆ ಸಿಕ್ಕ ಹೆಸರು, ಎರಡನೆಯದು ಕೆಲಸಕ್ಕೆ ಸಿಕ್ಕದ್ದು.

ಸಂಗೀತಗಾರರು ಗುಡುಗನ್ನು ಅಳತೆಯಿಂದಲೇ ಬಳಸಿದ್ದಾರೆ. ಯೊಹಾನ್ ಸ್ಟ್ರಾಸ್ 1868ರಲ್ಲಿ ರಚಿಸಿದ ‘ಗುಡುಗು ಮಿಂಚು’ ಎಂಬ ಪೋಲ್ಕಾ ಕುಣಿತದ ಸಂಗೀತ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನಮ್ಮ ಕರಾವಳಿಯ ಯಕ್ಷಗಾನದ ಆಟದಲ್ಲಿ ಇಂದ್ರಜಿತುವಿನ ಪ್ರವೇಶಕ್ಕೆ ಚೆಂಡೆ ಮೊಳಗಿದರೆ ಗದ್ದೆಯಾಚೆಯ ಮನೆಯವರೂ ಎದ್ದು ಕೂರುತ್ತಾರೆ. ಆದರೆ ಪಾತ್ರ ಅರ್ಥ ಹೇಳಲು ತೊಡಗಿದೊಡನೆ ಚೆಂಡೆಯವರು ಕೋಲು ಕೆಳಗಿಡುತ್ತಾರೆ. ಮಾತು ಕೇಳಬೇಕಲ್ಲ!

ಹೇಳಿದರು, ದೂರಿದರು, ಆಕ್ಷೇಪಿಸಿದರು, ಪ್ರಶ್ನಿಸಿದರು, ಗದರಿದರು, ಹರಿಹಾಯ್ದರು: ಕನ್ನಡದಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ. ಕಾರವಾರದಲ್ಲಿ 2015ರಲ್ಲಿ ಆರಂಭವಾದ ನೌಕಾಪಡೆಯ ಕ್ಷಿಪಣಿ ಸಂಗ್ರಹ ನೆಲೆಗೆ ‘ವಜ್ರಕೋಶ’ ಎಂದು ಹೆಸರಿಟ್ಟವರಿಗೆ ಸಿಡಿಲನ್ನು ದಾಸ್ತಾನಿನಲ್ಲಿಟ್ಟು ಕಾಯಬೇಕು ಎಂಬುದು ತಿಳಿದಿತ್ತು. ತಮ್ಮ ಉಪಸಂಪಾದಕರೂ ‘ಗುಡುಗಿದರು’ ಎಂಬ ಪದವನ್ನು ಅಂಥ ಕಡೆ ಇಟ್ಟು, ವರ್ಷಕ್ಕೆ ಒಂದೆರಡು ಬಾರಿ ಹೊರತೆಗೆದರೆ ಸಾಕು.

ಅಂದಹಾಗೆ, ಮದುವೆ ಚಪ್ಪರದ ಹೊರಗೆ ಗುಡುಗಿದವರು ಹೇಳಿದ್ದು, ತಮ್ಮ ಕ್ಷೇತ್ರದ ಸೇತುವೆ ಕಾಮಗಾರಿ ತಡವಾಗಿದೆ ಎಂದು. ಎಷ್ಟು ತಡ, ಯಾರಿಂದ ತಡ, ಅಲ್ಲಿನ ಮಕ್ಕಳು ಈಗ ಹೊಳೆ ದಾಟುವುದು ಹೇಗೆ ಎಂಬುದೊಂದೂ ಆ ವರದಿಯಲ್ಲಿರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಕಾರವಾರ