ಕರಡು ತಿದ್ದಿದವರು

ಪ್ರಿಯ ಮಿತ್ರರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅಧ್ಯಾಯಗಳು ಎಷ್ಟು ಉದ್ದವಿರಬೇಕು, ಪ್ರಕಾಶಕರಿಗೆ ಹೇಗೆ ಬರೆಯಬೇಕು ಎಂದೆಲ್ಲ ಕೇಳಿದ್ದೀರಿ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ, ನಾನು ಆ ಗೋಜಿಗೆ ಹೋಗುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯ ಅಧ್ಯಾಯದ ಆ ಹೆಂಗಸು: ದಿನವೂ ಕಚೇರಿಗೆ ತಡವಾಗಿ ಬರುವವಳು, ಯಾರೊಡನೆಯೂ ಬೆರೆಯದವಳು, ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ಮಲಗುವವಳು. ಇಷ್ಟನ್ನು ನೀವು ಬಹಳ ಚೆನ್ನಾಗಿ ಕಂಡಿದ್ದೀರಿ. ಆದರೆ ಅದರ ಬೆನ್ನಿಗೇ ಆಕೆಯನ್ನು ‘ಸೋಮಾರಿ’ ಎಂದೂ ‘ಗರ್ವಿಷ್ಠೆ’ ಎಂದೂ ಕರೆದು ಮುಂದಕ್ಕೆ ನಡೆದುಬಿಟ್ಟಿದ್ದೀರಿ. ಕಣ್ಣು ಅಷ್ಟು ಸೂಕ್ಷ್ಮವಾಗಿರುವ ನಿಮಗೆ ಇಷ್ಟು ಅವಸರವೇಕೆ?

ನಾವು ತಡವಾಗಿ ಬಂದಾಗ ನಮ್ಮ ಬಳಿ ಕಾರಣವಿರುತ್ತದೆ. ಇನ್ನೊಬ್ಬರು ತಡವಾಗಿ ಬಂದರೆ ಅದು ಅವರ ಗುಣವಾಗಿಬಿಡುತ್ತದೆ. ಪರಿಸ್ಥಿತಿಯನ್ನು ಮರೆತು ಸ್ವಭಾವವನ್ನೇ ದೂರುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಅದನ್ನು ಓದಿ ತಿಳಿದಿದ್ದ ನಾನೂ ಅದೇ ತಪ್ಪನ್ನು ಮಾಡಿದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಕರಡು ತಿದ್ದುವವರೊಬ್ಬರಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು, ದಾರಿಯಲ್ಲಿದ್ದ ಕುರ್ಚಿಯನ್ನು ಎಡವುತ್ತಿದ್ದರು, ಪಕ್ಕದಲ್ಲಿ ನಿಂತು ನಮಸ್ಕರಿಸಿದವರತ್ತ ತಿರುಗದೆ ಹೋಗುತ್ತಿದ್ದರು. ಕುಡಿತವೆಂದು ಎಲ್ಲರೂ ಆಡಿಕೊಂಡರು. ನಾನು ಅದನ್ನೇ ಕಥೆ ಮಾಡಿದೆ. ಓದಿದವರು ನಕ್ಕು ಮೆಚ್ಚಿದರು, ನಾನು ಹಿಗ್ಗಿದೆ. ಅವರಿಗೆ ಗ್ಲಾಕೋಮಾ ಇತ್ತೆಂದು ತಿಳಿದದ್ದು ಅವರು ಕೆಲಸ ಬಿಟ್ಟ ಮೇಲೆ. ಆ ಕಾಯಿಲೆ ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ. ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಹೋಗಿ, ನಡುವಿನ ನೋಟ ಮಾತ್ರ ಬಹುಕಾಲ ಉಳಿದಿರುತ್ತದೆ, ಕಳೆದುಕೊಂಡದ್ದು ಮರಳಿ ಬರುವುದಿಲ್ಲ. ಅವರಿಗೆ ಎದುರಿನ ಅಕ್ಷರ ಕಾಣುತ್ತಿತ್ತು, ಬದಿಯ ಕುರ್ಚಿ ಕಾಣುತ್ತಿರಲಿಲ್ಲ. ಕಣ್ಣನ್ನೇ ನಂಬಿದ ಕೆಲಸ ಕೈತಪ್ಪೀತೆಂಬ ಭಯದಿಂದ ಯಾರಿಗೂ ಹೇಳಿರಲಿಲ್ಲ.

ಬೇಥೋವನ್ ಕೂಡ ಹೀಗೆಯೇ ಮುಚ್ಚಿಟ್ಟುಕೊಂಡಿದ್ದರು. ಜನರಿಂದ ದೂರ ಸರಿಯುತ್ತಿದ್ದ ತನ್ನನ್ನು ಮನುಷ್ಯದ್ವೇಷಿ ಎಂದುಕೊಂಡವರಿಗೆ, ‘ಗಟ್ಟಿಯಾಗಿ ಮಾತಾಡಿ, ನನಗೆ ಕಿವಿ ಕೇಳಿಸುವುದಿಲ್ಲ’ ಎನ್ನಲು ಸಂಗೀತಗಾರನಾದ ತನಗೆ ಬಾಯಿ ಬರಲಿಲ್ಲವೆಂದು ಅವರು 1802ರಲ್ಲಿ ತಮ್ಮಂದಿರಿಗೆ ಬರೆದಿಟ್ಟರು. ಆ ಪತ್ರ ಬೆಳಕಿಗೆ ಬಂದದ್ದು 1827ರಲ್ಲಿ, ಅವರು ತೀರಿಕೊಂಡ ಮೇಲೆ.

ಇದನ್ನು ಓದಿದೊಡನೆ ನಿಮ್ಮ ಹೆಂಗಸಿಗೊಂದು ಕಾಯಿಲೆಯನ್ನು ಅಂಟಿಸಲು ಮಾತ್ರ ಹೊರಡಬೇಡಿ. ಹಾಗೆ ಮಾಡಬಹುದೆಂಬ ಆತಂಕ ನನಗಿದೆ, ಏಕೆಂದರೆ ನಿಮ್ಮ ವಯಸ್ಸಿನಲ್ಲಿ ನಾನು ಅದನ್ನೇ ಮಾಡುತ್ತಿದ್ದೆ. ಕೊನೆಯ ಅಧ್ಯಾಯದಲ್ಲಿ ವೈದ್ಯರ ಚೀಟಿ ತೋರಿಸಿ ಓದುಗರಿಂದ ಕರುಣೆ ಕೇಳಿದರೆ, ಚೀಟಿ ಇಲ್ಲದವರು ಎಲ್ಲಿಗೆ ಹೋಗಬೇಕು? ಬಹಳ ವರ್ಷ ನಾನು ಪಶ್ಚಾತ್ತಾಪಪಟ್ಟದ್ದು ಅವರು ಕುಡುಕರಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ನಿಜಕ್ಕೂ ಕುಡಿಯುತ್ತಿದ್ದರೆ ನನ್ನ ಕಥೆ ನ್ಯಾಯವಾಗಿರುತ್ತಿತ್ತೇ? ಕುಡಿಯುವಂಥದ್ದೇನಾಯಿತು ಎಂದು ಆಗಲೂ ನಾನು ವಿಚಾರಿಸುತ್ತಿರಲಿಲ್ಲ. ಈ ಪ್ರಶ್ನೆ ಹೊಳೆಯುವಷ್ಟರಲ್ಲಿ ನನ್ನ ತಲೆಗೂದಲು ಬೆಳ್ಳಗಾಗಿತ್ತು.

ನೀವು ಆ ಎರಡು ವಿಶೇಷಣಗಳನ್ನು ಹೊಡೆದುಹಾಕಿ ನೋಡಿ. ಆಕೆ ತಡವಾಗಿ ಬರಲಿ, ಮೇಜಿನ ಮೇಲೆ ಮಲಗಲಿ. ಕಾರಣ ನಿಮ್ಮ ನಿರೂಪಕನಿಗೆ ತಿಳಿಯದೆಯೇ ಇರಲಿ. ಆಗ ಅವನು ಆಕೆಯ ಪಕ್ಕದಲ್ಲಿ ಮೆಲ್ಲಗೆ ನಡೆದುಹೋಗುತ್ತಾನೋ, ಕುರ್ಚಿ ಸದ್ದುಮಾಡಿ ಎಳೆಯುತ್ತಾನೋ ಎಂಬುದನ್ನು ಬರೆಯಿರಿ. ಆ ಅಧ್ಯಾಯವನ್ನು ಓದಲು ನಾನು ಕಾಯುತ್ತಿರುತ್ತೇನೆ.

ಇನ್ನೊಂದು ಮಾತು. ನನ್ನ ಆ ಕಥೆಯ ಕರಡನ್ನು ತಿದ್ದಿದವರು ಅವರೇ. ಕಾಗುಣಿತದ ಎರಡು ತಪ್ಪುಗಳನ್ನು ಸರಿಪಡಿಸಿ, ಕೆಳಗೆ ಸಹಿ ಹಾಕಿ ನನ್ನ ಮೇಜಿಗೆ ಕಳಿಸಿದ್ದರು.

ನಿಮ್ಮ ಹಿತೈಷಿ